ಕರಾವಳಿ ಸಾಗರವಿಜ್ಞಾನ: ಓದು ಎಷ್ಟು, ಕೆಲಸ ಏನು, ಅಪಾಯ ಎಲ್ಲಿ?

ಪ್ರಶ್ನೆ: ನಮ್ಮದು ಮರವಂತೆ ಹತ್ತಿರದ ಊರು. ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ, ಭೌತಶಾಸ್ತ್ರ ಮತ್ತು ಗಣಿತ ನನ್ನ ವಿಷಯಗಳು. ಅಪ್ಪ ಗಂಗೊಳ್ಳಿಯಿಂದ ಮೀನುಗಾರಿಕೆಗೆ ಹೋಗುತ್ತಾರೆ. ಪ್ರತಿ ಮಳೆಗಾಲ ನಮ್ಮ ಮನೆ ಎದುರು ಕಡಲ್ಕೊರೆತ. ಕಲ್ಲು ತಂದು ಸುರಿಯುತ್ತಾರೆ, ಮರುವರ್ಷ ಮತ್ತೆ ಅದೇ ಕತೆ. ಇದನ್ನೆಲ್ಲ ಅಧ್ಯಯನ ಮಾಡುವವರು ಕರಾವಳಿಯ ಭೌತ ಸಾಗರವಿಜ್ಞಾನಿಗಳು ಎಂದು ತಿಳಿದ ಮೇಲೆ ನನಗೂ ಅದನ್ನೇ ಓದಬೇಕೆನಿಸಿದೆ. "ಕಡ್ಲ್ ಕಾಂಬುಕೆ ಡಿಗ್ರಿ ಬೇಕಾ?" ಅಂತಾರೆ ಅಪ್ಪ. ಹೆಣ್ಣುಮಕ್ಕಳಿಗೆ ಹಡಗಿನ ಕೆಲಸ ಆಗಿಬರುವುದಿಲ್ಲ, ಬಿ.ಎಡ್. ಮಾಡು ಅನ್ನುತ್ತಾರೆ ಸೋದರಮಾವ. ನನಗೆ ಈಜೂ ಸರಿಯಾಗಿ ಬರುವುದಿಲ್ಲ. ನಿಜಕ್ಕೂ ಇದರಲ್ಲಿ ಏನು ಕೆಲಸ ಇರುತ್ತದೆ? ಎಷ್ಟು ವರ್ಷ ಓದಬೇಕು? ಕೊನೆಗೆ ನೌಕರಿ ಸಿಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆತಂಕಗಳು ಸೇರಿಕೊಂಡಿವೆ. ಈ ಕೆಲಸ ನನ್ನಿಂದ ಆಗುತ್ತದೆಯೇ ಎನ್ನುವುದು ಒಂದು. ಇದನ್ನು ನಂಬಿ ಇಷ್ಟು ವರ್ಷ ಕಳೆದರೆ ಮುಂದೆ ಹೊಟ್ಟೆಪಾಡು ಹೇಗೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಧೈರ್ಯವಾಗಿ ಹೌದು ಎನ್ನಬಲ್ಲೆ. ಎರಡನೆಯದಕ್ಕೆ ಅಷ್ಟು ಸಲೀಸಾಗಿ ಹೇಳಲಾರೆ.

ಮೊದಲು ತಪ್ಪು ಕಲ್ಪನೆಗಳನ್ನು ಬದಿಗಿಡೋಣ. ಇದು ಮರ್ಚೆಂಟ್ ನೇವಿ ಅಲ್ಲ, ಹಡಗು ನಡೆಸುವ ಕೆಲಸವಲ್ಲ. ಮೀನು, ಪಾಚಿಗಳನ್ನು ಅಧ್ಯಯನ ಮಾಡುವ ಕಡಲ ಜೀವಶಾಸ್ತ್ರವೂ ಅಲ್ಲ. ನೀರು ಯಾಕೆ, ಎತ್ತ, ಎಷ್ಟು ವೇಗದಲ್ಲಿ ಚಲಿಸುತ್ತದೆ, ಅದರ ಉಷ್ಣತೆ ಮತ್ತು ಉಪ್ಪಿನಂಶ ಹೇಗೆ ಬದಲಾಗುತ್ತವೆ, ಅಲೆ ದಡಕ್ಕೆ ಬಂದಾಗ ಮರಳು ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಭೌತಶಾಸ್ತ್ರದ ನಿಯಮಗಳಿಂದ ಉತ್ತರ ಹುಡುಕುವುದು ಇಲ್ಲಿಯ ಕೆಲಸ. ಈಜು ಬಂದರೆ ಒಳ್ಳೆಯದು, ಬಾರದಿದ್ದರೆ ಅದೇ ಕಾರಣಕ್ಕೆ ಯಾರೂ ಬಾಗಿಲು ಹಾಕುವುದಿಲ್ಲ. ಲೈಫ್ ಜಾಕೆಟ್ ಹೇಗೂ ಎಲ್ಲರೂ ತೊಡಬೇಕು. ನೀರಿಗಿಳಿದು ಉಪಕರಣ ಕಟ್ಟಲು ತರಬೇತಿ ಪಡೆದ ಮುಳುಗುಗಾರರೇ ಬರುತ್ತಾರೆ. ಇನ್ನು ಹೆಣ್ಣುಮಕ್ಕಳ ಮಾತು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಅದಿತಿ ಪಂತ್ 1983ರಲ್ಲೇ ಅಂಟಾರ್ಕ್ಟಿಕಾಕ್ಕೆ ಹೋಗಿದ್ದರು. ಇವತ್ತು ಸಂಶೋಧನಾ ಹಡಗುಗಳಲ್ಲಿ ವಿದ್ಯಾರ್ಥಿನಿಯರು ಇರುವುದು ಮಾಮೂಲು. ತೊಂದರೆ ಬರುವುದು ದೊಡ್ಡ ಹಡಗಿನಲ್ಲಲ್ಲ, ದಡದ ಹತ್ತಿರದ ಕೆಲಸಕ್ಕೆ ಬಾಡಿಗೆಗೆ ಹಿಡಿಯುವ ಮೀನುಗಾರಿಕೆ ಬೋಟುಗಳಲ್ಲಿ. ಬೆಳಗ್ಗೆಯಿಂದ ಸಂಜೆವರೆಗೆ ಶೌಚಾಲಯವಿಲ್ಲದ ಬೋಟಿನಲ್ಲಿ ಕೂರಬೇಕಾಗುತ್ತದೆ. ಸೇರುವ ಮೊದಲೇ ತಂಡದವರನ್ನು ಇದರ ಬಗ್ಗೆ ನೇರವಾಗಿ ಕೇಳಿ; ಸಂಕೋಚ ಬೇಡ.

ಇನ್ನೂ ಒಂದು ಭ್ರಮೆ ಇದೆ: ಸದಾ ಕಡಲಲ್ಲೇ ಇರುತ್ತೇವೆ ಎನ್ನುವುದು. ವರ್ಷಕ್ಕೆ ಕೆಲವು ವಾರ ಕಡಲಲ್ಲಿ ಕಳೆದರೆ ಹೆಚ್ಚು. ಉಳಿದದ್ದು ಲಿನಕ್ಸ್, ಪೈಥಾನ್ ಅಥವಾ ಮ್ಯಾಟ್‌ಲ್ಯಾಬ್, ಕಡಲಿನ ಚಲನೆಯನ್ನು ಲೆಕ್ಕದಲ್ಲೇ ನಕಲು ಮಾಡುವ ಹಳೆಯ ಫೋರ್ಟ್ರಾನ್ ಮಾದರಿಗಳು, ಅಂಕಿಗಳ ಕಡತಗಳು. ಕಡಲನ್ನು ಪ್ರೀತಿಸಿ ಬಂದು, ಸಮೀಕರಣ ಕಂಡು ಓಡಿಹೋದವರು ಹಲವರು. ಗಣಿತ ಇಷ್ಟವಿದ್ದು ಕಡಲಿನ ಬಗ್ಗೆ ಏನೂ ಗೊತ್ತಿಲ್ಲದೆ ಬಂದವರು ಸಾಮಾನ್ಯವಾಗಿ ನಿಲ್ಲುತ್ತಾರೆ.

ಈಗ ನಿಮ್ಮ ತಂದೆಯವರ ಪ್ರಶ್ನೆ. ಅದು ಹಗುರವಾದ ಪ್ರಶ್ನೆ ಅಲ್ಲ. ನೀರು ಯಾವ ತಿಂಗಳು ತೆಂಕಕ್ಕೆ ಎಳೆಯುತ್ತದೆ, ಯಾವಾಗ ಬಡಗಕ್ಕೆ ತಿರುಗುತ್ತದೆ ಎಂದು ಅವರಿಗೆ ಬಲೆ ಬಿಟ್ಟೇ ಗೊತ್ತಿರುತ್ತದೆ. ವಿಜ್ಞಾನಿಗಳು ಅದನ್ನು ಪಶ್ಚಿಮ ಭಾರತದ ಕರಾವಳಿ ಪ್ರವಾಹ ಎನ್ನುತ್ತಾರೆ: ಮಳೆಗಾಲದಲ್ಲಿ ದಕ್ಷಿಣಕ್ಕೆ, ಸುಮಾರು ನವೆಂಬರಿನಿಂದ ಫೆಬ್ರವರಿವರೆಗೆ ಉತ್ತರಕ್ಕೆ. ಮಳೆಗಾಲದ ಹರಿವಿಗೆ ಗಾಳಿಯಿಂದ ಒಂದು ಮಟ್ಟಿಗೆ ವಿವರಣೆ ಸಿಗುತ್ತದೆ. ಚಳಿಗಾಲದ್ದು ಹಾಗಲ್ಲ. ಆಗ ಗಾಳಿ ಉತ್ತರದ ಕಡೆಯಿಂದ ಬೀಸುತ್ತದೆ, ನೀರು ಅದಕ್ಕೆ ಎದುರಾಗಿ ಉತ್ತರಕ್ಕೇ ಹರಿಯುತ್ತದೆ! ದಡದಲ್ಲಿ ಎಷ್ಟು ವರ್ಷ ನಿಂತು ನೋಡಿದರೂ ಇದರ ಕಾರಣ ಕಾಣುವುದಿಲ್ಲ, ಯಾಕೆಂದರೆ ಕಾರಣದ ದೊಡ್ಡ ಪಾಲು ಇರುವುದು ಬಂಗಾಳಕೊಲ್ಲಿಯಲ್ಲಿ. ಅಲ್ಲಿ ಗಾಳಿ ಬದಲಾದಾಗ ಹುಟ್ಟುವ ಕೆಲ್ವಿನ್ ಅಲೆಗಳು ದಡವನ್ನು ಬಲಕ್ಕಿಟ್ಟುಕೊಂಡು ಶ್ರೀಲಂಕಾ, ಕನ್ಯಾಕುಮಾರಿ ಸುತ್ತಿ ನಮ್ಮ ಕಡೆ ಏರಿ ಬರುತ್ತವೆ. ವೇಗ ಸೆಕೆಂಡಿಗೆ ಎರಡು-ಎರಡೂವರೆ ಮೀಟರ್, ಅಂದರೆ ದಿನಕ್ಕೆ ಹತ್ತಿರ ಹತ್ತಿರ 200 ಕಿ.ಮೀ. ಇವು ದಡಕ್ಕೆ ಬಡಿಯುವ ಅಲೆಗಳಲ್ಲ; ಕಣ್ಣಿಗೆ ಕಾಣದಷ್ಟು ನಿಧಾನವಾಗಿ ನೀರಿನ ಮಟ್ಟವನ್ನೂ ಆಳದ ತಣ್ಣನೆ ಪದರವನ್ನೂ ಏರಿಳಿಸುತ್ತವೆ. ಭೌತಶಾಸ್ತ್ರದಿಂದ ಈ ಕ್ಷೇತ್ರಕ್ಕೆ ಬಂದು ಮುಂದೆ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ಸತೀಶ್ ಶೆಟ್ಯೆ ಮತ್ತು ಅವರ ಸಹೋದ್ಯೋಗಿಗಳು ಈ ಚಿತ್ರ ಸ್ಪಷ್ಟವಾಗಲು ಬಹಳ ದುಡಿದಿದ್ದಾರೆ.

ಇದರ ಇನ್ನೊಂದು ಪರಿಣಾಮ ಕೇಳಿದರೆ ಊರಿನವರು ನಂಬಲಿಕ್ಕಿಲ್ಲ. ಅಲೆ ಮತ್ತು ಉಬ್ಬರಇಳಿತಗಳನ್ನು ಸರಾಸರಿ ಮಾಡಿ ತೆಗೆದರೆ, ನಮ್ಮ ಕರಾವಳಿಯಲ್ಲಿ ಕಡಲಿನ ಮಟ್ಟ ಮಳೆಗಾಲದಲ್ಲಿ ತಗ್ಗಿರುತ್ತದೆ, ಡಿಸೆಂಬರ್ ಆಸುಪಾಸಿನಲ್ಲಿ ಏರಿರುತ್ತದೆ. ಮಳೆಗಾಲದಲ್ಲಿ ತಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುವುದೂ ಬೂತಾಯಿ, ಬಂಗುಡೆಯ ಸುಗ್ಗಿಗೆ ದಾರಿಯಾಗುವುದೂ ಇದೇ ವ್ಯವಸ್ಥೆಯ ಭಾಗ.

ಮತ್ತೆ ಮಳೆಗಾಲದಲ್ಲಿ ದಡ ಕೊರೆಯುವುದು ಯಾವುದು? ಅಲೆಗಳ ಶಕ್ತಿ. ಆ ಶಕ್ತಿ ಎತ್ತರದ ವರ್ಗಕ್ಕೆ ಅನುಗುಣ. ಎರಡು ಮೀಟರಿನ ಅಲೆಯಲ್ಲಿ ಒಂದು ಮೀಟರಿನ ಅಲೆಯ ನಾಲ್ಕು ಪಟ್ಟು ಶಕ್ತಿ. ಜೂನ್-ಜುಲೈ ಅಲೆಗಳು ದಡದ ಮರಳನ್ನು ಎಳೆದು ಸ್ವಲ್ಪ ದೂರದಲ್ಲಿ ನೀರಿನಡಿಯ ದಿಬ್ಬವಾಗಿ ಪೇರಿಸುತ್ತವೆ. ಮಳೆ ನಿಂತ ಮೇಲೆ ಉದ್ದನೆಯ, ತಗ್ಗಿನ ಅಲೆಗಳು ಅದನ್ನೇ ಮೆಲ್ಲಗೆ ವಾಪಸು ತಂದು ಹಾಕುತ್ತವೆ. ಹಾಗಾಗಿ ಆಗಸ್ಟಿನ ಫೋಟೋ ತೋರಿಸಿ "ಇಷ್ಟು ದಡ ಹೋಯಿತು" ಅನ್ನುವುದೂ, ಫೆಬ್ರವರಿಯ ಫೋಟೋ ತೋರಿಸಿ "ಏನೂ ಆಗಿಲ್ಲ" ಅನ್ನುವುದೂ ಎರಡೂ ತಪ್ಪು. ಒಂದೇ ತಿಂಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿದಾಗ ಮಾತ್ರ ನಿಜವಾದ ನಷ್ಟ ಕಾಣುತ್ತದೆ. ಇದರ ಮೇಲೆ ಓರೆಯಾಗಿ ಬರುವ ಅಲೆ ಮರಳನ್ನು ದಡದುದ್ದಕ್ಕೂ ತಳ್ಳುತ್ತದೆ. ಅಳಿವೆಯಲ್ಲಿ ಅಲೆ ತಡೆಯುವ ಕಲ್ಲಿನ ದಂಡೆ, ಅಂದರೆ ಬ್ರೇಕ್‌ವಾಟರ್ ಕಟ್ಟಿದರೆ ಒಂದು ಬದಿಯಲ್ಲಿ ಮರಳು ಗುಡ್ಡೆ ಬೀಳುತ್ತದೆ, ಇನ್ನೊಂದು ಬದಿ ಸೊರಗುತ್ತದೆ. ಕಲ್ಲಿನ ತಡೆಗೋಡೆ ತನ್ನ ಹಿಂದಿರುವ ರಸ್ತೆಯನ್ನು ಉಳಿಸಬಹುದು. ಆದರೆ ಗೋಡೆಗೆ ಬಡಿದು ವಾಪಸಾಗುವ ಅಲೆ ಬುಡದ ಮರಳನ್ನು ಕೆರೆದು ಒಯ್ಯುತ್ತದೆ, ಕಲ್ಲು ಕುಸಿಯುತ್ತದೆ, ಗೋಡೆ ಮುಗಿಯುವ ತುದಿಯಲ್ಲಿ ಪಕ್ಕದವರ ಜಾಗ ಕೊರೆಯಲು ಶುರುವಾಗುತ್ತದೆ. ಪ್ರತಿವರ್ಷ ಕಲ್ಲು ಹಾಕಬೇಕಾಗಿ ಬರುವುದರಲ್ಲಿ ಕಡಲಿನ ವಿಚಿತ್ರವೇನೂ ಇಲ್ಲ.

ಗಾಳಿಯಿಲ್ಲದ, ಬಿಸಿಲಿರುವ ದಿನ ಏಕಾಏಕಿ ನೀರು ತೋಟಕ್ಕೆ ನುಗ್ಗುವುದನ್ನೂ ನೀವು ಕಂಡಿರಬಹುದು. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ದಕ್ಷಿಣ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿದ, 18 ಸೆಕೆಂಡಿಗೊಂದರಂತೆ ಬರುವ ಅಲೆಗಳ ಸಮೂಹ ಸೆಕೆಂಡಿಗೆ 14 ಮೀಟರ್ ಸಾಗುತ್ತದೆ, ಅಂದರೆ ದಿನಕ್ಕೆ 1,200 ಕಿ.ಮೀ. ಆರೇಳು ಸಾವಿರ ಕಿ.ಮೀ. ದಾಟಲು ಐದಾರು ದಿನ. ಆ ಐದಾರು ದಿನಗಳೇ ಮುನ್ನೆಚ್ಚರಿಕೆಗೆ ಸಿಗುವ ಸಮಯ. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಕೊಡುವ ಅಲೆ ಎಚ್ಚರಿಕೆಗಳ ಹಿಂದಿನ ಲೆಕ್ಕ ಇದು. ಡಿಗ್ರಿ ಬೇಕಾಗುವುದು ಇಂಥ ಲೆಕ್ಕಕ್ಕೆ.

ದಿನನಿತ್ಯದ ಕೆಲಸ ಹೇಗಿರುತ್ತದೆ? ಒಂದು ಉದಾಹರಣೆ ಸಾಕು. ನೀರಿನ ಹರಿವನ್ನು ಅಳೆಯಲು ಎಡಿಸಿಪಿ ಎಂಬ ಉಪಕರಣವನ್ನು 20 ಮೀಟರ್ ಆಳದಲ್ಲಿ, ಒಂದು ಚೌಕಟ್ಟಿಗೆ ಬಿಗಿದು ಮೇಲ್ಮುಖವಾಗಿ ಇಡುತ್ತೇವೆ. ಅದು ಶಬ್ದ ಕಳಿಸಿ, ನೀರಿನಲ್ಲಿ ತೇಲುವ ಕಣಗಳಿಂದ ಮರಳುವ ಪ್ರತಿಧ್ವನಿಯ ಆವರ್ತನ ಎಷ್ಟು ಬದಲಾಗಿದೆ ಎಂದು ನೋಡಿ ಪದರ ಪದರವಾಗಿ ವೇಗ ಹೇಳುತ್ತದೆ. ಕೇಳಲು ಸುಲಭ, ಕೆಡುವ ದಾರಿಗಳು ಮಾತ್ರ ಹತ್ತಾರು. ಕಬ್ಬಿಣದ ಚೌಕಟ್ಟು ಬಳಸಿದರೆ ಒಳಗಿನ ದಿಕ್ಸೂಚಿ ದಿಕ್ಕು ತಪ್ಪುತ್ತದೆ. ಅದಕ್ಕೇ ಚೌಕಟ್ಟು, ಬ್ಯಾಟರಿ ಎಲ್ಲ ಜೋಡಿಸಿದ ಮೇಲೆಯೇ ದಡದಲ್ಲಿ ದಿಕ್ಸೂಚಿ ಹೊಂದಿಸಬೇಕು, ಮೊದಲಲ್ಲ. ಅಲ್ಯೂಮಿನಿಯಂಗೆ ಸ್ಟೀಲ್ ಬೋಲ್ಟ್ ನೇರವಾಗಿ ತಾಗಿದರೆ ಉಪ್ಪುನೀರಿನಲ್ಲಿ ಕೆಲವೇ ತಿಂಗಳಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನಡುವೆ ಪ್ಲಾಸ್ಟಿಕ್ ವಾಷರ್, ಪಕ್ಕದಲ್ಲಿ ಸತುವಿನ ತುಂಡು ಬೇಕು. ಟ್ರಾಲ್ ಬಲೆ ಸಿಕ್ಕಿಕೊಂಡರೆ ಉಪಕರಣವೇ ಹೋಯಿತು, ಮೀನುಗಾರರ ಬಲೆಯೂ ಹರಿಯಿತು. ಆದ್ದರಿಂದ ಇಡುವ ಮೊದಲು ಆ ಬಂದರಿನ ಸಂಘದವರ ಜತೆ ಮಾತಾಡಿ ಜಾಗ ಗೊತ್ತುಮಾಡಿಕೊಳ್ಳುವುದು ವಿಜ್ಞಾನದಷ್ಟೇ ಮುಖ್ಯ. (ನಿಮ್ಮಂಥ ಮನೆಯಿಂದ ಬಂದವರಿಗೆ ಇಲ್ಲಿ ಇರುವ ಅನುಕೂಲ ಬೇರೆಯವರಿಗಿಲ್ಲ.) ಜೂನ್-ಜುಲೈಯಲ್ಲಿ ಟ್ರಾಲಿಂಗ್ ನಿಷೇಧವಿರುವುದರಿಂದ ಬಲೆಯ ಭಯ ಕಡಿಮೆ. ಆದರೆ ಆಗ ಕಡಲಿಗಿಳಿಯಲು ನಮಗೂ ಆಗುವುದಿಲ್ಲ. ಮೇ ತಿಂಗಳಲ್ಲಿ ಇಟ್ಟು ಸೆಪ್ಟೆಂಬರಿನಲ್ಲಿ ತೆಗೆಯಬೇಕು, ಬ್ಯಾಟರಿ ನಾಲ್ಕು ತಿಂಗಳು ಬರುವಂತೆ ಅಳತೆಯ ಅಂತರ ಲೆಕ್ಕಹಾಕಬೇಕು, ಅಷ್ಟರಲ್ಲಿ ಮರಳು ಮುಚ್ಚದಿರಲಿ ಎಂದು ಹಾರೈಸಬೇಕು.

ತೆಗೆದ ಮೇಲೆ ಅಂಕಿಗಳ ಸರದಿ. ಶಬ್ದದ ಕಿರಣ 20 ಡಿಗ್ರಿ ಓರೆಯಿದ್ದರೆ ಮೇಲ್ಮೈ ಹತ್ತಿರದ ಶೇ. 6ರಷ್ಟು ಆಳದ ಅಳತೆ ನಂಬಲರ್ಹವಲ್ಲ; 20 ಮೀಟರಿನಲ್ಲಿ ಮೇಲಿನ 1.2 ಮೀಟರ್ ಬಿಟ್ಟುಬಿಡಬೇಕು. ಸಮಯದ ತಪ್ಪು ಇನ್ನೂ ಮೋಸದ್ದು. ಉಪಕರಣದ ಗಡಿಯಾರ ಗ್ರೀನಿಚ್ ಸಮಯದಲ್ಲಿ, ಬೋಟಿನ ಟಿಪ್ಪಣಿ ಭಾರತೀಯ ಸಮಯದಲ್ಲಿ ಇದ್ದರೆ ಐದೂವರೆ ಗಂಟೆ ವ್ಯತ್ಯಾಸ. ಮುಖ್ಯ ಉಬ್ಬರದ ಆವರ್ತ 12.42 ಗಂಟೆ, ಅರ್ಧ ಅಂದರೆ 6.21. ಹಾಗಾಗಿ ಈ ಒಂದು ಎಡವಟ್ಟಿನಿಂದ ಉಬ್ಬರ ಇದ್ದಲ್ಲಿ ಹೆಚ್ಚುಕಡಿಮೆ ಇಳಿತ ಕಾಣುತ್ತದೆ, ಅಳಿವೆಯಲ್ಲಿ ನೀರು ಒಳಗೆ ಬರುವ ಹೊತ್ತು ಹೊರಗೆ ಹೋದಂತೆ ತೋರುತ್ತದೆ. ನಕ್ಷೆ ಚೆಂದವಾಗಿಯೇ ಇರುತ್ತದೆ, ಅದೇ ಅಪಾಯ. ಇನ್ನು ಚಂದ್ರನ ಉಬ್ಬರವನ್ನು ಸೂರ್ಯನ 12 ಗಂಟೆಯ ಉಬ್ಬರದಿಂದ ಬೇರ್ಪಡಿಸಲು ಕನಿಷ್ಠ 14.77 ದಿನಗಳ ಅಳತೆ ಬೇಕು. ಒಂದು ವಾರ ಅಳೆದು ವರದಿ ಬರೆದುಕೊಡಿ ಎನ್ನುವ ಗ್ರಾಹಕರು ಖಾಸಗಿ ಕೆಲಸದಲ್ಲಿ ಸಿಗುತ್ತಾರೆ. ಬೇಡ ಎನ್ನಲು ಕಲಿಯಬೇಕಾಗುತ್ತದೆ.

ಕಂಪ್ಯೂಟರ್ ಮಾದರಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹರಿವಿಗೆ ರೋಮ್ಸ್, ಅಲೆಗಳಿಗೆ ಸ್ವಾನ್ ಮುಂತಾದವು ಉಚಿತವಾಗಿ ಸಿಗುತ್ತವೆ. ಒಂದು ಲೆಕ್ಕ ಮಾತ್ರ ಮಾಡಿ ನೋಡಿ: 50 ಮೀಟರ್ ಆಳದಲ್ಲಿ ಉದ್ದನೆಯ ಅಲೆಯ ವೇಗ ಸೆಕೆಂಡಿಗೆ ಸುಮಾರು 22 ಮೀಟರ್. 500 ಮೀಟರಿನ ಚೌಕಗಳಾಗಿ ಕಡಲನ್ನು ಭಾಗಿಸಿದರೆ, ಸರಳ ವಿಧಾನದಲ್ಲಿ ಪ್ರತಿ ಹೆಜ್ಜೆಯ ಸಮಯ ಸುಮಾರು 22 ಸೆಕೆಂಡಿಗಿಂತ ಕಡಿಮೆ ಇರಬೇಕು. ಮೀರಿದರೆ ಮಾದರಿ ಸ್ಫೋಟಿಸುತ್ತದೆ, ಅಂದರೆ ಅಂಕಿಗಳು ಹತೋಟಿ ಮೀರಿ ಬೆಳೆಯುತ್ತವೆ. ಯಾಕೆ ಎಂಬುದು ಕುತೂಹಲ ಹುಟ್ಟಿಸಿದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಈಗ ಹೊಟ್ಟೆಪಾಡಿನ ಮಾತು. ಎಂ.ಎಸ್ಸಿ. ಎರಡು ವರ್ಷ, ಪಿಎಚ್.ಡಿ. ಸಾಮಾನ್ಯವಾಗಿ ಐದು, ಆಮೇಲೆ ಒಂದೆರಡು ವರ್ಷ ತಾತ್ಕಾಲಿಕ ಸಂಶೋಧನಾ ಹುದ್ದೆ, ಅಂದರೆ ಪೋಸ್ಟ್‌ಡಾಕ್. ಅಷ್ಟರಲ್ಲಿ ಮೂವತ್ತು ಹತ್ತಿರ. ನಡುವಿನ ಕಾಲ ಬರಿಗೈಯಲ್ಲ: ಸಿಎಸ್‌ಐಆರ್-ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ 2023ರಲ್ಲಿ ಪರಿಷ್ಕರಿಸಿದ ದರದಂತೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000, ಮನೆ ಬಾಡಿಗೆ ಭತ್ಯೆ ಬೇರೆ. ಸರ್ಕಾರಿ ಸಂಸ್ಥೆಗಳಲ್ಲಿ ಕಾಯಂ ವಿಜ್ಞಾನಿಯಾಗಿ ಸೇರಿದರೆ ಸಂಬಳಕ್ಕೆ ಕೊರತೆಯಿಲ್ಲ. ಆದರೆ ಗೋವಾದ ರಾಷ್ಟ್ರೀಯ ಸಂಸ್ಥೆ, ಇಂಕಾಯ್ಸ್, ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ, ಪುಣೆಯ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ, ಹೀಗೆ ಬೆರಳೆಣಿಕೆಯ ಜಾಗಗಳು. ಹುದ್ದೆಗಳು ವರ್ಷವರ್ಷವೂ ಬರುವುದಿಲ್ಲ, ವಯಸ್ಸಿನ ಮಿತಿ ಮಾತ್ರ ಕಾಯುವುದಿಲ್ಲ. ಈ ನಡುವಿನ ಖಾಲಿ ಜಾಗದಲ್ಲಿ ಒಂದೆರಡು ವರ್ಷದ ಗುತ್ತಿಗೆ ಪ್ರಾಜೆಕ್ಟುಗಳನ್ನು ಒಂದರ ಹಿಂದೆ ಒಂದು ಹಿಡಿದು ಸುಸ್ತಾಗುವವರು ಬಹಳ. ನಿಮ್ಮ ಮನೆಯವರ ಭಯಕ್ಕೆ ಆಧಾರ ಇರುವುದು ಇಲ್ಲಿ. ಖಾಸಗಿ ವಲಯದಲ್ಲಿ ಬಂದರು ಕಂಪನಿಗಳು, ಪರಿಸರ ಪರಿಣಾಮ ವರದಿ ಮಾಡುವ ಸಲಹಾ ಸಂಸ್ಥೆಗಳು, ಸಮುದ್ರ ಸರ್ವೆ ಕಂಪನಿಗಳು ಇವೆ. ಅವರಿಗೆ ಪಿಎಚ್.ಡಿ.ಗಿಂತ ಉಪಕರಣ ಹಿಡಿದ ಕೈ, ಮಾದರಿ ಓಡಿಸುವ ಚಾಕಚಕ್ಯತೆ ಮುಖ್ಯ. ಕೆಲಸ ಹೆಚ್ಚಾಗಿ ಊರಿನಿಂದ ದೂರ.

ದಾರಿಗಳಲ್ಲಿ ಮೊದಲನೆಯದು ನೇರವಾಗಿ ಸಾಗರವಿಜ್ಞಾನದ ಎಂ.ಎಸ್ಸಿ.; ಕೊಚ್ಚಿಯ ಕುಸಾಟ್, ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಂಥ ಕಡೆ ಇದೆ. ವಿಷಯಕ್ಕೆ ಬೇಗ ಇಳಿಯಬಹುದು, ಹಡಗು-ಉಪಕರಣಗಳ ಪರಿಚಯವಾಗುತ್ತದೆ. ಅಪಾಯ ಏನೆಂದರೆ, ನಡುವೆ ಬಿಟ್ಟರೆ ಆ ಪದವಿಯಿಂದ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಉಪನ್ಯಾಸಕಿಯಾಗಲು ಆಗುವುದಿಲ್ಲ. ಎರಡನೆಯದು ಎಂ.ಎಸ್ಸಿ. ಭೌತಶಾಸ್ತ್ರ ಮುಗಿಸಿ, ನೆಟ್‌ನಲ್ಲಿ ಭೂ-ವಾಯುಮಂಡಲ-ಸಾಗರ ವಿಜ್ಞಾನದ ಪತ್ರಿಕೆ ಅಥವಾ ಗೇಟ್ ಬರೆದು ಪಿಎಚ್.ಡಿ.ಗೆ ಬರುವುದು. ಬೆಂಗಳೂರಿನ ಐಐಎಸ್ಸಿಯ ವಾಯುಮಂಡಲ ಮತ್ತು ಸಾಗರ ವಿಜ್ಞಾನಗಳ ಕೇಂದ್ರಕ್ಕೂ ಇಂಥವರು ಬರುತ್ತಾರೆ. ಕೊರತೆ ಎಂದರೆ ಭೌತಶಾಸ್ತ್ರದ ಎಂ.ಎಸ್ಸಿ.ಗಳಲ್ಲಿ ದ್ರವ ಚಲನಶಾಸ್ತ್ರ ಹೆಚ್ಚಾಗಿ ಹೆಸರಿಗಷ್ಟೇ ಇರುತ್ತದೆ. ಅದನ್ನೂ ಪ್ರೋಗ್ರಾಮಿಂಗನ್ನೂ ನೀವೇ ಕಲಿಯಬೇಕು. ನಿಮ್ಮ ಮನೆಯ ಸ್ಥಿತಿ ನೋಡಿದರೆ ನಾನು ಎರಡನೆಯದರ ಪರ. ಹಿಂದೆ ಬರಲು ಬಾಗಿಲು ತೆರೆದಿರುತ್ತದೆ. ಎರಡನೇ ವರ್ಷದ ಪ್ರಾಜೆಕ್ಟನ್ನು ಮಾತ್ರ ಪಟ್ಟುಹಿಡಿದು ಯಾವುದಾದರೂ ಸಾಗರ ಸಂಸ್ಥೆಯಲ್ಲಿ ಮಾಡಿ. ಈಗ ಬಿ.ಎಡ್. ಮಾಡಿ ಆಮೇಲೆ ಇದಕ್ಕೆ ಬರುತ್ತೇನೆ ಎಂಬ ಯೋಚನೆ ಬೇಡ. ಎರಡು ವರ್ಷ ಗಣಿತ ಬಿಟ್ಟರೆ ಹಿಡಿತ ತಪ್ಪುತ್ತದೆ. ಎಂ.ಎಸ್ಸಿ. ಆದ ಮೇಲೂ ಬಿ.ಎಡ್. ಮಾಡಬಹುದು.

ತೀರ್ಮಾನಿಸುವ ಮೊದಲು ಈ ಕೆಲಸದ ರುಚಿ ನೋಡಲು ಒಂದು ಅಗ್ಗದ ದಾರಿ ಇದೆ. ನಿಮ್ಮ ದಡದ ಇಳಿಜಾರನ್ನು ನೀವೇ ಅಳೆಯಿರಿ. ಎಮೆರಿ ಎಂಬ ಅಮೆರಿಕದ ವಿಜ್ಞಾನಿ 1961ರಲ್ಲಿ ಪ್ರಕಟಿಸಿದ ವಿಧಾನವಿದು. ಒಂದೂವರೆ ಮೀಟರಿನ ಎರಡು ಕೋಲು, ಎರಡು ಮೀಟರಿನ ಹಗ್ಗ ಸಾಕು. ಕೋಲುಗಳ ಮೇಲೆ ತುದಿಯಿಂದ ಕೆಳಮುಖವಾಗಿ ಸೆಂಟಿಮೀಟರ್ ಗುರುತು ಹಾಕಿ, ಬುಡಕ್ಕೆ ಅಂಗೈಯಗಲದ ಹಲಗೆ ಬಡಿಯಿರಿ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ಇಳಿತದ ಹೊತ್ತಿಗೆ ಹೋಗಿ. ಹೆದ್ದಾರಿ ಬದಿಯ ಕಾಂಕ್ರೀಟ್ ಕಟ್ಟೆಯಂಥ ಅಲುಗದ ಜಾಗದಿಂದ ಶುರುಮಾಡಿ. ತಡೆಗೋಡೆಯ ಕಲ್ಲು ಬೇಡ, ಅದು ಕುಸಿಯುತ್ತದೆ. ಒಬ್ಬರು ಕಡಲ ಕಡೆಯ ಕೋಲು ಹಿಡಿಯಲಿ. ನೀವು ಹಿಂದಿನ ಕೋಲಿನ ಬಳಿ ನಿಂತು, ಮುಂದಿನ ಕೋಲಿನ ತುದಿ ದಿಗಂತದ ಗೆರೆಗೆ ಕೂಡುವಂತೆ ಕಣ್ಣನ್ನು ಇಳಿಸಿ. ಆ ದೃಷ್ಟಿರೇಖೆ ನಿಮ್ಮ ಕೋಲನ್ನು ತುದಿಯಿಂದ ಎಷ್ಟು ಕೆಳಗೆ ಮುಟ್ಟುತ್ತದೋ ಅಷ್ಟು ಇಳಿಜಾರು. ಮುಂದೆ ಮರಳು ಏರಿದ್ದರೆ ಉಲ್ಟಾ: ನಿಮ್ಮ ಕೋಲಿನ ತುದಿಯನ್ನು ದಿಗಂತಕ್ಕೆ ಕೂಡಿಸಿ, ಮುಂದಿನ ಕೋಲಿನಲ್ಲಿ ಓದಿ. ಹಿಂದಿನ ಕೋಲನ್ನು ಮುಂದಿನದು ಇದ್ದ ಗುರುತಿಗೇ ತಂದು ಮತ್ತೆ ಅಳೆಯಿರಿ, ಮೊಣಕಾಲುದ್ದ ನೀರಿನವರೆಗೆ. ಅದಕ್ಕಿಂತ ಮುಂದೆ ಬೇಡ. ಮಳೆಗಾಲದಲ್ಲಿ ನೀರಿನ ಅಂಚಿಗೂ ಹೋಗಬೇಡಿ.

ಮುಂದಿನ ಕೋಲು ಪ್ರತಿಸಲ ಹಿಂದಿನದಕ್ಕಿಂತ ಒಂದೇ ಸೆಂಟಿಮೀಟರ್ ಹೆಚ್ಚು ಹೂತರೂ 60 ಮೀಟರ್ ದಡದಲ್ಲಿ 30 ಅಳತೆಗೆ 30 ಸೆಂ.ಮೀ. ತಪ್ಪು ಕೂಡುತ್ತದೆ, ಬುಡದ ಹಲಗೆ ಅದಕ್ಕೆ. ಮೋಡದಲ್ಲಿ ದಿಗಂತ ಕಾಣದಿದ್ದರೆ ಗಾರೆಯವರು ಬಳಸುವ ಲೆವೆಲ್ ಪೈಪ್ ಹಿಡಿಯಿರಿ. ಗುಳ್ಳೆ ಒಳಗಿದ್ದರೆ ಮಟ್ಟ ಸುಳ್ಳು ಹೇಳುತ್ತದೆ, ಮೊದಲು ಎರಡೂ ತುದಿ ಒಟ್ಟಿಗೆ ಹಿಡಿದು ನೋಡಿಕೊಳ್ಳಿ. ದಿನಾಂಕ, ಗಂಟೆ, ನೀರಿನಂಚು ಎಷ್ಟನೇ ಅಳತೆಯಲ್ಲಿತ್ತು ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಒದ್ದೆಯಲ್ಲಿ ಅಳಿಸುತ್ತದೆ. ತಿಂಗಳಿಗೊಮ್ಮೆ ಮಾಡಿದರೂ ಸಾಕು. ಎರಡು ತಿಂಗಳ ಗೆರೆಗಳ ನಡುವಿನ ವಿಸ್ತೀರ್ಣವೇ ದಡದ ಪ್ರತಿ ಮೀಟರ್ ಉದ್ದಕ್ಕೆ ಹೋದ ಅಥವಾ ಬಂದ ಮರಳು, ಘನ ಮೀಟರ್‌ಗಳಲ್ಲಿ. ಎಂ.ಎಸ್ಸಿ. ಪ್ರವೇಶದ ಜಾಮ್ ಪರೀಕ್ಷೆಗೆ ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಅರ್ಜಿ, ಫೆಬ್ರವರಿಯಲ್ಲಿ ಪರೀಕ್ಷೆ. ಅಳತೆಯನ್ನು ಮಳೆ ನಿಂತ ಕೂಡಲೇ ಶುರುಮಾಡಿದರೆ ಮರಳು ಮರಳಿ ಬರುವ ಕಾಲ ಪೂರ್ತಿ ನಿಮ್ಮ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಪ್ರಾಜೆಕ್ಟಿಗೆ ಮಾರ್ಗದರ್ಶಕರನ್ನು ಕೇಳಿಕೊಂಡು ಇಮೇಲ್ ಬರೆಯುವಾಗ ಅಂಕಪಟ್ಟಿಯ ಜತೆ ಈ ಅಂಕಿಗಳ ಕಡತವನ್ನೂ ಲಗತ್ತಿಸಿ.